ಹೊನ್ನಾರಿನ ದಿನ ಬರೆಯುವ ಒಂದು ಸಾಲು
ನೆಟ್‌ವರ್ಕಿಂಗ್‌ ಕೆಲಸದವರು ವರ್ಷದ ಗುರಿ ಹಾಕಿಕೊಳ್ಳುವುದು ಹೇಗೆ? ಹಂತ ಹಂತವಾಗಿ

ನಮ್ಮ ಕಡೆ ಯುಗಾದಿ ಬಂತೆಂದರೆ ಹೊನ್ನಾರು ಕಟ್ಟುತ್ತಾರೆ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಉತ್ತು ಮನೆಗೆ ಬರುವುದು. ಅವತ್ತೇ ಇಡೀ ಹೊಲ ಉತ್ತು ಮುಗಿಸುತ್ತೇನೆ ಅಂತ ಯಾರೂ ಹೊರಡುವುದಿಲ್ಲ.

ನಾನು ಕರಿಘಟ್ಟ ಬೆಟ್ಟದ ಬುಡದ ಊರಿನವನು, ಬೆಂಗಳೂರಿನಲ್ಲಿ ನೆಟ್‌ವರ್ಕ್‌ ಇಂಜಿನಿಯರ್‌. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಜನವರಿ 1ರಂದು ಡೈರಿಯಲ್ಲಿ ನಾಲ್ಕು ಗುರಿ ಬರೆದೆ: ಸಿಸಿಎನ್‌ಪಿ, ಫೋರ್ಟಿನೆಟ್‌, ಎಡಬ್ಲ್ಯುಎಸ್‌, ಪೈಥಾನ್‌. ಡಿಸೆಂಬರ್‌ನಲ್ಲಿ ನೋಡಿದರೆ ನಾಲ್ಕರಲ್ಲಿ ಒಂದೂ ಆಗಿರಲಿಲ್ಲ. ತಂದ ಪುಸ್ತಕಗಳಲ್ಲಿ ಮೊದಲ ನಲವತ್ತು ಪುಟ ಮಾತ್ರ ಮಾಸಿದ್ದವು. ಆಮೇಲಿನ ಯುಗಾದಿಗೆ ಊರಿಗೆ ಹೋಗಿ, ಅಪ್ಪ ನಾಲ್ಕು ಸಾಲು ಉತ್ತು ನೇಗಿಲು ಬಿಚ್ಚಿದ್ದನ್ನು ನೋಡಿದ ಮೇಲೆ ನನ್ನ ಲೆಕ್ಕ ಬದಲಾಯಿತು. ಅಲ್ಲಿಂದ ಈಚೆಗೆ ವರ್ಷಕ್ಕೆ ಬರೆಯುವುದು ಒಂದೇ ಸಾಲು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್‌. ಪೇಟೆ, ನಾಗಮಂಗಲ ಕಡೆಯಿಂದ ಡಿಪ್ಲೊಮಾ ಅಥವಾ ಬಿಇ ಮುಗಿಸಿ ನೆಟ್‌ವರ್ಕಿಂಗ್‌ಗೆ ಕಾಲಿಟ್ಟವರಿಗೆ ಈ ಬರಹ. ಎನ್‌ಒಸಿಯಲ್ಲಿ (ನೆಟ್‌ವರ್ಕ್‌ ಆಪರೇಷನ್ಸ್‌ ಸೆಂಟರ್‌) ರಾತ್ರಿ ಪಾಳಿ ಮಾಡುವವರೂ, ಊರಿನಲ್ಲೇ ಫೈಬರ್‌ ಎಳೆದು ಮನೆಮನೆಗೆ ಬ್ರಾಡ್‌ಬ್ಯಾಂಡ್‌ ಕೊಡುವವರೂ ಸೇರಿದರು. ಏನೂ ಗೊತ್ತಿಲ್ಲ ಅಂತಲೇ ಇಟ್ಟುಕೊಂಡು ಶುರು ಮಾಡೋಣ. ಭಯಪಡಬೇಡಿ. ಬೇಕಾದ ಸಾಮಾನು ಇಷ್ಟೇ: ನೂರು ಪುಟದ ಒಂದು ನೋಟ್‌ಬುಕ್‌, ಪೆನ್ನು, ಗೋಡೆ ಕ್ಯಾಲೆಂಡರ್‌, ಒಂದು ಸಾಧಾರಣ ಲ್ಯಾಪ್‌ಟಾಪ್‌.

ಹಂತ 1: ಈಗ ಎಲ್ಲಿದ್ದೀರಿ, ಬರೆಯಿರಿ

ನೋಟ್‌ಬುಕ್‌ನ ಮೊದಲ ಪುಟದಲ್ಲಿ ಯಾರ ಸಹಾಯವೂ ಇಲ್ಲದೆ ನಿಮಗೆ ಮಾಡಲು ಬರುವ ಕೆಲಸಗಳನ್ನು ಬರೆಯಿರಿ. 'ಸ್ವಿಚ್‌ಗೆ ಕನ್ಸೋಲ್‌ ಕೇಬಲ್‌ ಹಾಕಿ ಪುಟ್ಟಿಯಲ್ಲಿ ಲಾಗಿನ್‌ ಆಗುತ್ತೇನೆ', 'ವಿಲ್ಯಾನ್‌ ಮಾಡುತ್ತೇನೆ', 'ಆರ್‌ಜೆ45 ಕ್ರಿಂಪ್‌ ಮಾಡುತ್ತೇನೆ', ಹೀಗೆ. 'ರೂಟಿಂಗ್‌ ಗೊತ್ತು' ಅಂತ ಬರೆಯಬೇಡಿ. ಹೊಸಬರು ಜಾರುವುದು ಇಲ್ಲೇ. ಗೊತ್ತಿರುವುದು ಬೇರೆ, ಕೈಯಿಂದ ಮಾಡುವುದು ಬೇರೆ. ಪುಟದಲ್ಲಿ ಐದೇ ಸಾಲು ಬಂದರೂ ಪರವಾಗಿಲ್ಲ. ಈ ಪುಟವನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಹಂತ 2: ಬೇಕಾದ ಕೆಲಸದ ಹೆಸರು ಹುಡುಕಿ

ನೌಕ್ರಿ ಅಥವಾ ಲಿಂಕ್ಡ್‌ಇನ್‌ ತೆರೆಯಿರಿ. 'ನೆಟ್‌ವರ್ಕ್‌ ಇಂಜಿನಿಯರ್‌', 'ಎನ್‌ಒಸಿ ಇಂಜಿನಿಯರ್‌', 'ನೆಟ್‌ವರ್ಕ್‌ ಸೆಕ್ಯುರಿಟಿ' ಅಂತ ಹುಡುಕಿ, ಬೆಂಗಳೂರು ಮತ್ತು ಮೈಸೂರಿನ ಇಪ್ಪತ್ತು ಜಾಹೀರಾತು ಓದಿ. ಎರಡು ವರ್ಷದ ನಂತರ ಕೂರಬೇಕು ಅನ್ನಿಸುವ ಕುರ್ಚಿಯ ಜಾಹೀರಾತುಗಳನ್ನೇ ಆರಿಸಿ. ಒಂದೊಂದರಲ್ಲೂ ಏನು ಕೇಳಿದ್ದಾರೋ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಲೆಕ್ಕ ಇಡಿ: ಸಿಸ್ಕೊದ ಸಿಸಿಎನ್‌ಎ ಸರ್ಟಿಫಿಕೇಟಿಗೆ ಒಂದು ಗೆರೆ, ಓಎಸ್‌ಪಿಎಫ್‌ಗೆ ಒಂದು, ಬಿಜಿಪಿಗೆ ಒಂದು, ಫೈರ್‌ವಾಲ್‌ಗೆ ಒಂದು. ಇಪ್ಪತ್ತು ಮುಗಿಯುವ ಹೊತ್ತಿಗೆ ಗೆರೆಗಳೇ ಮಾತಾಡುತ್ತವೆ. ಯೂಟ್ಯೂಬಿನಲ್ಲಿ 'ಈ ವರ್ಷದ ಟಾಪ್‌ ಹತ್ತು ಸರ್ಟಿಫಿಕೇಟ್‌' ಅಂತ ಕೂಗುವವರಿಗಿಂತ ಈ ಗೆರೆಗಳನ್ನು ನಾನು ಹೆಚ್ಚು ನಂಬುತ್ತೇನೆ.

ಹಂತ 3: ಒಂದೇ ಒಂದು ಸರ್ಟಿಫಿಕೇಟ್‌ ಆರಿಸಿ

ಐಪಿ ವಿಳಾಸ ಅಂದರೇನು ಎಂದೇ ಗೊತ್ತಿಲ್ಲದಿದ್ದರೆ ಕಾಂಪ್‌ಟಿಯಾದ ನೆಟ್‌ವರ್ಕ್‌ ಪ್ಲಸ್‌ ಒಂದು ದಾರಿ. ಆದರೆ ಅದರ ಪಾಠ ಓದಿಕೊಂಡು, ಪರೀಕ್ಷೆಯ ದುಡ್ಡನ್ನು ಸಿಸಿಎನ್‌ಎಗೆ ಉಳಿಸಿ ಅಂತಲೇ ನನ್ನ ಸಲಹೆ. ಬೆಂಗಳೂರಿನ ಜಾಹೀರಾತುಗಳಲ್ಲಿ ನನ್ನ ಗೆರೆಗಳು ಬಿದ್ದದ್ದು ಸಿಸಿಎನ್‌ಎ ಮೇಲೆಯೇ. ಸಿಸಿಎನ್‌ಎ ಆಗಿ, ಎರಡು ವರ್ಷ ಕೆಲಸವೂ ಆಗಿದ್ದರೆ ಸಿಸಿಎನ್‌ಪಿ ಎಂಟರ್‌ಪ್ರೈಸ್‌ಗೆ ಹೋಗಬಹುದು. ಅದಕ್ಕೆ ಎರಡು ಪರೀಕ್ಷೆ: ಎನ್‌ಕೋರ್‌ ಎಂಬ ಕೋರ್‌ ಪರೀಕ್ಷೆ 350-401, ಜೊತೆಗೆ ಎನಾರ್ಸಿ 300-410 ತರಹದ ಒಂದು ಕಾನ್ಸಂಟ್ರೇಷನ್‌ ಪರೀಕ್ಷೆ. ಒಂದು ವರ್ಷಕ್ಕೆ ಇದರಲ್ಲಿ ಒಂದೇ ಇಟ್ಟುಕೊಳ್ಳಿ, ಎರಡೂ ಬೇಡ. ಆಫೀಸಿನಲ್ಲಿ ಇಡೀ ದಿನ ಫೈರ್‌ವಾಲ್‌ ಮುಂದೆಯೇ ಕೂರುವವರಾದರೆ ಫೋರ್ಟಿನೆಟ್‌ ಅಥವಾ ಪಾಲೊ ಆಲ್ಟೊ ನೋಡಿ. ಜುನಿಪರ್‌ ಪೆಟ್ಟಿಗೆ ಇರುವ ಕಡೆ ಜೆಎನ್‌ಸಿಐಎ.

ಸಿಸಿಐಇ? ಎಂಟು ಗಂಟೆಯ ಲ್ಯಾಬ್‌ ಪರೀಕ್ಷೆ, ಬೆಂಗಳೂರಿನಲ್ಲೇ ಕೊಡಬಹುದು. ಆದರೆ ಅದು ಈ ವರ್ಷದ ಮಾತಲ್ಲ, ನೋಟ್‌ಬುಕ್‌ನ ಕೊನೇ ಪುಟದಲ್ಲಿ ಬರೆದಿಡಿ.

ಈಗ ಎರಡನೇ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಆ ಒಂದು ಸಾಲು ಬರೆಯಿರಿ: 'ಬರುವ ಯುಗಾದಿಯೊಳಗೆ ಸಿಸಿಎನ್‌ಎ 200-301 ಪರೀಕ್ಷೆಗೆ ಕೂರುತ್ತೇನೆ.' ಗಮನಿಸಿ, 'ಪಾಸಾಗುತ್ತೇನೆ' ಅಂತ ಬರೆಯಲಿಲ್ಲ. ಪಾಸು ಮಾಡುವುದು ಸಿಸ್ಕೊ ಕೈಯಲ್ಲಿದೆ, ಕೂರುವುದು ನಮ್ಮ ಕೈಯಲ್ಲಿದೆ.

ಹಂತ 4: ಪರೀಕ್ಷೆಯ ವಿಷಯಪಟ್ಟಿ ಇಳಿಸಿಕೊಳ್ಳಿ

ಸಿಸ್ಕೊ ವೆಬ್‌ಸೈಟಿನಲ್ಲಿ 'ಎಕ್ಸಾಮ್‌ ಟಾಪಿಕ್ಸ್‌' ಪಿಡಿಎಫ್‌ ಪುಕ್ಕಟೆ ಸಿಗುತ್ತದೆ. ಪ್ರಿಂಟ್‌ ತೆಗೆಸಿ. ಸಿಸಿಎನ್‌ಎ 200-301ರಲ್ಲಿ ಆರು ಭಾಗ: ನೆಟ್‌ವರ್ಕ್‌ ಫಂಡಮೆಂಟಲ್ಸ್‌ ಶೇ 20, ನೆಟ್‌ವರ್ಕ್‌ ಆಕ್ಸೆಸ್‌ ಶೇ 20, ಐಪಿ ಕನೆಕ್ಟಿವಿಟಿ ಶೇ 25, ಐಪಿ ಸರ್ವೀಸಸ್‌ ಶೇ 10, ಸೆಕ್ಯುರಿಟಿ ಶೇ 15, ಆಟೊಮೇಷನ್‌ ಶೇ 10. ಒಂದೊಂದು ಸಾಲಿನ ಪಕ್ಕದಲ್ಲೂ ಮೂರು ಗುರುತಲ್ಲಿ ಒಂದು ಹಾಕಿ: ಕೈಯಿಂದ ಮಾಡಬಲ್ಲೆ, ಕೇಳಿದ್ದೇನೆ, ಕೇಳೇ ಇಲ್ಲ. 'ಕೇಳೇ ಇಲ್ಲ' ಜಾಸ್ತಿ ಬಂದರೆ ಗಾಬರಿಯಾಗಬೇಡಿ, ಎಲ್ಲರಿಗೂ ಹಾಗೇ ಬರುತ್ತದೆ. ಎಲ್ಲ ಭಾಗಕ್ಕೂ ಒಂದೇ ಸಮ ದಿನ ಕೊಡಲೂ ಬೇಡಿ. ಐಪಿ ಕನೆಕ್ಟಿವಿಟಿಗೆ ಒಂದು ತಿಂಗಳು ಜಾಸ್ತಿ ಹೋಗಲಿ.

ಹಂತ 5: ದುಡ್ಡು ಎತ್ತಿಡಿ

ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್‌, ಮೇಲೆ ತೆರಿಗೆ. ಎನ್‌ಕೋರ್‌ಗೆ 400 ಡಾಲರ್‌. ಅವತ್ತಿನ ಡಾಲರ್‌ ಬೆಲೆಗೆ ಗುಣಿಸಿ, ಬಂದ ಮೊತ್ತವನ್ನು ಹತ್ತರಿಂದ ಭಾಗಿಸಿ, ತಿಂಗಳಿಗೆ ಅಷ್ಟನ್ನು ಬೇರೆ ಖಾತೆಗೆ ಹಾಕಿ. ಪಾಸಾದರೆ ದುಡ್ಡು ವಾಪಸ್‌ ಕೊಡುವ ಕಂಪನಿಗಳು ಇವೆ. ನಿಮ್ಮ ಎಚ್‌ಆರ್‌ಗೆ ಒಂದು ಮೇಲ್‌ ಹಾಕಿ ಕೇಳಿ, ನಾಚಿಕೆ ಬೇಡ. ಜುನಿಪರ್‌ನವರು ತಮ್ಮ ಪುಕ್ಕಟೆ ಆನ್‌ಲೈನ್‌ ಕೋರ್ಸ್‌ ಮುಗಿಸಿ ಅದರ ಟೆಸ್ಟ್‌ ಪಾಸಾದವರಿಗೆ ರಿಯಾಯಿತಿ ವೋಚರ್‌ ಕೊಡುತ್ತಾ ಬಂದಿದ್ದಾರೆ. ಜೆಎನ್‌ಸಿಐಎ ಆರಿಸಿದವರು ಅದನ್ನು ಮೊದಲು ನೋಡಿಕೊಳ್ಳಿ.

ಓದಲು ದುಡ್ಡು ಸುರಿಯಬೇಕಾಗಿಲ್ಲ. ಜೆರೆಮೀಸ್‌ ಐಟಿ ಲ್ಯಾಬ್‌ನ ಪೂರ್ತಿ ಸಿಸಿಎನ್‌ಎ ಕೋರ್ಸ್‌ ಯೂಟ್ಯೂಬಿನಲ್ಲಿ ಪುಕ್ಕಟೆ ಇದೆ. ಪುಸ್ತಕ ಬೇಕೆನ್ನುವವರಿಗೆ ವೆಂಡೆಲ್‌ ಓಡಮ್‌ ಬರೆದ ಆಫಿಷಿಯಲ್‌ ಸರ್ಟ್‌ ಗೈಡ್‌, ಎರಡು ಸಂಪುಟ. ಕೋರ್ಸ್‌, ಪುಸ್ತಕ ಇವೆರಡರಲ್ಲಿ ಒಂದನ್ನು ಹಿಡಿಯಿರಿ, ಮೂರನೆಯದನ್ನು ಹುಡುಕಲು ಹೋಗಬೇಡಿ.

ಹಂತ 6: ಕ್ಯಾಲೆಂಡರಿನಲ್ಲಿ ಕೊನೆಯಿಂದ ಹಿಂದಕ್ಕೆ ಬನ್ನಿ

ಪರೀಕ್ಷೆಗೆ ಕೂರುವ ತಿಂಗಳನ್ನು ಮೊದಲು ಗುರುತು ಮಾಡಿ, ಆಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಿ. ಇಂಗ್ಲಿಷಿನ ಪ್ಲ್ಯಾನರ್‌ಗಳಲ್ಲಿ ನಮ್ಮ ಹಬ್ಬ ಇರುವುದಿಲ್ಲ, ಹಾಗಾಗಿ ಅವು ನಮ್ಮ ಕಡೆ ಸೋಲುತ್ತವೆ. ಕರಿಘಟ್ಟದ ಜಾತ್ರೆ, ಮೇಲುಕೋಟೆ ವೈರಮುಡಿ, ಗೌರಿ-ಗಣೇಶ, ಶ್ರೀರಂಗಪಟ್ಟಣದ ದಸರಾ, ಅಣ್ಣನ ಮಗಳ ಮದುವೆ, ಎಲ್ಲ ಮೊದಲೇ ಬರೆಯಿರಿ. ಮನೆಯಲ್ಲಿ ಕಬ್ಬು ಇದ್ದರೆ ಕಟಾವಿನ ವಾರವೂ ಇರಲಿ. ಕಟಾವಿನ ಆಳು ಬಂದ ದಿನ 'ನನಗೆ ಓಎಸ್‌ಪಿಎಫ್‌ ಇದೆ' ಅಂದರೆ ಯಾರೂ ಒಪ್ಪುವುದಿಲ್ಲ. ಹೀಗೆ ಕಳೆದ ಮೇಲೆ ಉಳಿದ ವಾರಗಳು ಎಷ್ಟೋ ಅಷ್ಟೇ ನಿಮ್ಮ ವರ್ಷ. ನನಗೆ ಸಾಮಾನ್ಯವಾಗಿ ಮೂವತ್ತೈದು ಉಳಿಯುತ್ತವೆ. ಸಿಸಿಎನ್‌ಎಗೆ ಅದು ಸಾಕು.

ಹಂತ 7: ಓದನ್ನು ಕಟ್ಟು ಪದ್ಧತಿಗೆ ಹಾಕಿ

ನಾಲೆಯಲ್ಲಿ ವರ್ಷವಿಡೀ ನೀರು ಬಿಡುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು, ಇಷ್ಟು ದಿನ ನಿಲ್ಲಿಸುತ್ತಾರೆ. ಓದನ್ನೂ ಹಾಗೇ ಮಾಡಿ: ಮೂರು ವಾರ ಹೊಸ ಪಾಠ, ಒಂದು ವಾರ ಹೊಸದೇನೂ ಇಲ್ಲ, ಓದಿದ್ದನ್ನೇ ತಿರುವಿ ಹಾಕುವುದು. ದಿನಕ್ಕೆ ನಲವತ್ತೈದು ನಿಮಿಷ ಸಾಕು. ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ದಿನಾ ಓಡಾಡುವವರಿಗಂತೂ ಈ ಸಮಯ ಸೀಟಿನಲ್ಲೇ ಸಿಗುತ್ತದೆ. ಸೀಟು ಸಿಕ್ಕರೆ, ಅನ್ನಿ. ನಿಂತುಕೊಂಡು ವಿಡಿಯೊ ನೋಡಬಹುದು, ಸಬ್‌ನೆಟ್‌ ಲೆಕ್ಕ ಮಾಡಲಾಗದು. ನೈಟ್‌ ಶಿಫ್ಟ್‌ನವರು ಮನೆಗೆ ಬಂದ ಕೂಡಲೇ ಓದಲು ಕೂರಬೇಡಿ. ನಿದ್ದೆ ಮುಗಿಸಿ, ಊಟಕ್ಕೆ ಮೊದಲು ಕೂರಿ.

ಹಂತ 8: ವಾರಕ್ಕೊಂದು ಲ್ಯಾಬ್‌ ಕೈಯಿಂದ ಮಾಡಿ

ಇಡೀ ವರ್ಷದ ಜೀವ ಇರುವುದು ಈ ಹಂತದಲ್ಲಿ. ಆದ್ದರಿಂದ ಒಂದು ಲ್ಯಾಬ್‌ ಈಗಲೇ ಜೊತೆಯಲ್ಲಿ ಮಾಡೋಣ. ಸಿಸ್ಕೊ ನೆಟ್‌ವರ್ಕಿಂಗ್‌ ಅಕಾಡೆಮಿಯ ಸೈಟಿನಲ್ಲಿ ಖಾತೆ ತೆರೆದರೆ ಪ್ಯಾಕೆಟ್‌ ಟ್ರೇಸರ್‌ ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಲ್‌ ಮಾಡಿ, ತೆರೆಯಿರಿ.

ಎರಡು 2911 ರೂಟರ್‌ ಎಳೆದು ಇಡಿ. ಒಂದಕ್ಕೆ ಪಾಂಡವಪುರ, ಇನ್ನೊಂದಕ್ಕೆ ನಾಗಮಂಗಲ ಅಂತ ಹೆಸರಿಡಿ. ಒಂದೊಂದರ ಕೆಳಗೂ ಒಂದು 2960 ಸ್ವಿಚ್‌, ಒಂದು ಪಿಸಿ. ರೂಟರ್‌ನ ಗಿಗಾಬಿಟ್‌ 0/0 ಸ್ವಿಚ್‌ ಕಡೆಗೆ ಸ್ಟ್ರೇಟ್‌ ಕೇಬಲ್‌ನಲ್ಲಿ, ಗಿಗಾಬಿಟ್‌ 0/1 ಇನ್ನೊಂದು ರೂಟರ್‌ ಕಡೆಗೆ ಕ್ರಾಸ್‌ಓವರ್‌ ಕೇಬಲ್‌ನಲ್ಲಿ. ರೂಟರ್‌ ತೆರೆದ ತಕ್ಷಣ ಇನಿಷಿಯಲ್‌ ಕಾನ್ಫಿಗರೇಷನ್‌ ಡೈಲಾಗ್‌ ಬೇಕಾ ಅಂತ ಕೇಳುತ್ತದೆ. 'ನೋ' ಅಂತ ಟೈಪ್‌ ಮಾಡಿ. ಹೊಸಬರು ಎಂಟರ್‌ ಒತ್ತುತ್ತಾ ಒತ್ತುತ್ತಾ ಅಲ್ಲೇ ಸಿಕ್ಕಿಕೊಳ್ಳುತ್ತಾರೆ.

ಪಾಂಡವಪುರದ 0/0ಗೆ 192.168.1.1, ಮಾಸ್ಕ್‌ 255.255.255.0 ಕೊಡಿ. ನಾಗಮಂಗಲದ 0/0ಗೆ 192.168.2.1, ಮಾಸ್ಕ್‌ ಅದೇ. ನಡುವಿನ ಲಿಂಕ್‌ಗೆ ಪಾಂಡವಪುರದ ಕಡೆ 10.0.0.1, ನಾಗಮಂಗಲದ ಕಡೆ 10.0.0.2, ಮಾಸ್ಕ್‌ 255.255.255.252. ನಾಲ್ಕೂ ಪೋರ್ಟಿನಲ್ಲಿ 'ನೋ ಶಟ್‌ಡೌನ್‌' ಕೊಡಬೇಕು. ಮರೆತರೆ ದೀಪ ಕೆಂಪಾಗೇ ಇರುತ್ತದೆ, ನೀವು ಅರ್ಧ ಗಂಟೆ ಕೇಬಲ್‌ ಬದಲಾಯಿಸುತ್ತಾ ಕೂರುತ್ತೀರಿ. ಪಿಸಿಗಳಿಗೆ 192.168.1.10 ಮತ್ತು 192.168.2.10 ಕೊಡಿ, ಗೇಟ್‌ವೇಗೆ ಆಯಾ ರೂಟರ್‌ನ 0/0 ವಿಳಾಸ ಹಾಕಿ.

ಈಗ ಪಾಂಡವಪುರದ ಪಿಸಿಯಿಂದ ನಾಗಮಂಗಲದ ಪಿಸಿಗೆ ಪಿಂಗ್‌ ಮಾಡಿ. 'ಡೆಸ್ಟಿನೇಷನ್‌ ಹೋಸ್ಟ್‌ ಅನ್‌ರೀಚಬಲ್‌' ಅಂತ ಬರುತ್ತದೆ. ಒಳ್ಳೆಯದೇ ಆಯಿತು. ಹೇಳಿದ್ದು ಯಾರು ನೋಡಿ: 192.168.1.1, ಅಂದರೆ ನಿಮ್ಮದೇ ರೂಟರ್‌. ನಾಗಮಂಗಲದ ದಾರಿ ತನಗೆ ಗೊತ್ತಿಲ್ಲ ಅನ್ನುತ್ತಿದೆ. ದಾರಿ ಹೇಳಿಕೊಡಿ. ಅದೇ ರೂಟರ್‌ನ ಕಾನ್ಫಿಗ್‌ ಮೋಡ್‌ಗೆ ಹೋಗಿ 'ಐಪಿ ರೂಟ್‌ 192.168.2.0 255.255.255.0 10.0.0.2' ಕೊಡಿ.

ಮತ್ತೆ ಪಿಂಗ್‌ ಮಾಡಿ. ಈ ಸಲ 'ರಿಕ್ವೆಸ್ಟ್‌ ಟೈಮ್ಡ್‌ ಔಟ್‌'. ಬಹಳ ಜನ ಇಲ್ಲಿ ಲ್ಯಾಪ್‌ಟಾಪ್‌ ಮುಚ್ಚುತ್ತಾರೆ. ಮುಚ್ಚಬೇಡಿ! ತಪ್ಪು ಬದಲಾಗಿದೆ ಅಂದರೆ ನೀವು ಮುಂದೆ ಬಂದಿದ್ದೀರಿ.

ನಾನು ಓದುತ್ತಿದ್ದಾಗ ಅಪ್ಪ 'ಅದೇನ್ಲಾ ಅದು ರೂಟರ್‌ ಅಂದ್ರೆ?' ಅಂತ ಕೇಳಿದ್ದರು. 'ನೀರುಗಂಟಿ ಇದ್ದಂಗೆ ಕಣಪ್ಪ, ಯಾವ ಗದ್ದೆಗೆ ಯಾವ ತೂಬು ಎತ್ತಬೇಕು ಅಂತ ಅದಕ್ಕೆ ಗೊತ್ತಿರ್ತದೆ' ಅಂದಿದ್ದೆ. 'ಹಂಗಾದ್ರೆ ತುದಿ ಗದ್ದೆಗೆ ನೀರು ಮುಟ್ಟಿದ್ದು ನೀರುಗಂಟಿಗೆ ಹೆಂಗೆ ಗೊತ್ತಾಯ್ತದೆ?' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಲ್ಯಾಬಿನ ಉತ್ತರವೂ ಅದೇ ಪ್ರಶ್ನೆಯಲ್ಲಿದೆ. ಪಿಂಗ್‌ ನಾಗಮಂಗಲಕ್ಕೆ ಮುಟ್ಟಿತು, ವಾಪಸ್‌ ಬರುವ ದಾರಿ ನಾಗಮಂಗಲದ ರೂಟರ್‌ಗೆ ಗೊತ್ತಿಲ್ಲ. ಅಲ್ಲಿ ಹೋಗಿ 'ಐಪಿ ರೂಟ್‌ 192.168.1.0 255.255.255.0 10.0.0.1' ಕೊಡಿ. ಈಗ ಪಿಂಗ್‌ ಮಾಡಿ. ಮೊದಲ ಒಂದೆರಡು ಪ್ಯಾಕೆಟ್‌ ಬೀಳಬಹುದು, ಎಆರ್‌ಪಿ ವಿಳಾಸ ಹುಡುಕುತ್ತಿರುತ್ತದೆ. ಆಮೇಲಿನವಕ್ಕೆ ರಿಪ್ಲೈ ಬರುತ್ತದೆ.

'ಕಾಪಿ ರನ್ನಿಂಗ್‌-ಕಾನ್ಫಿಗ್‌ ಸ್ಟಾರ್ಟಪ್‌-ಕಾನ್ಫಿಗ್‌' ಕೊಟ್ಟು ಉಳಿಸಿ. ನೋಟ್‌ಬುಕ್‌ನಲ್ಲಿ ಎರಡು ಸಾಲು ಬರೆಯಿರಿ: ಏನು ಕೆಟ್ಟಿತ್ತು, ಹೇಗೆ ಗೊತ್ತಾಯಿತು. ವರ್ಷಕ್ಕೆ ಇಂಥ ಮೂವತ್ತು ಲ್ಯಾಬ್‌. ಇಂಟರ್‌ವ್ಯೂನಲ್ಲಿ 'ನೀವು ಬಿಡಿಸಿದ ಒಂದು ಸಮಸ್ಯೆ ಹೇಳಿ' ಅಂದಾಗ ಈ ನೋಟ್‌ಬುಕ್‌ ಬಾಯಿಗೆ ಬರುತ್ತದೆ.

ಹಂತ 9: ಕೆಲಸದ ಗುರಿಯನ್ನು ಬೇರೆ ಪುಟದಲ್ಲಿ ಬರೆಯಿರಿ

ಸರ್ಟಿಫಿಕೇಟ್‌ ಬಂತು, ಸಂಬಳ ಏರಲಿಲ್ಲ ಅನ್ನುವವರು ಬಹಳ. ಕಾರಣ, ಕೆಲಸದ ಕಡೆ ಅವರು ಏನೂ ಬರೆದುಕೊಂಡಿರಲಿಲ್ಲ. ಸಪೋರ್ಟ್‌ನ ಮೊದಲ ಹಂತವಾದ ಎಲ್‌1ನಲ್ಲಿದ್ದು ಎಲ್‌2ಗೆ ಹೋಗಬೇಕಾದರೆ ಮೂರು ಸಣ್ಣ ಕೆಲಸ ಇಟ್ಟುಕೊಳ್ಳಿ. ಒಂದು, ಪದೇಪದೇ ಬರುವ ಒಂದು ಅಲಾರ್ಮ್‌ ಹಿಡಿದು, ಅದು ಬಂದಾಗ ಏನು ಮಾಡಬೇಕು ಅಂತ ಒಂದು ಪುಟದ ರನ್‌ಬುಕ್‌ ಬರೆದು ಟೀಮಿಗೆ ಕೊಡಿ. ಎರಡು, ರಾತ್ರಿ ಚೇಂಜ್‌ ವಿಂಡೊ ಇದ್ದಾಗ ಹಿರಿಯರ ಪಕ್ಕ ಕೂರುತ್ತೇನೆ ಅಂತ ಕೇಳಿ ಕೂತುಕೊಳ್ಳಿ. ರೋಲ್‌ಬ್ಯಾಕ್‌ ಹೇಗೆ ಮಾಡುತ್ತಾರೆ ಎಂದು ನೋಡಿದವರಿಗಷ್ಟೇ ಗೊತ್ತು. ಮೂರು, ಲಿಂಕ್‌ ಬಿದ್ದಾಗ ಎಲ್ಲರೂ ಸೇರುವ ಬ್ರಿಡ್ಜ್‌ ಕಾಲ್‌ನಲ್ಲಿ ಮಾತಾಡಿ.

ಮೂರನೆಯದಕ್ಕೆ ನಮ್ಮ ಕಡೆಯವರು ಹೆದರುತ್ತಾರೆ. ನಾನೂ ಮೊದಲ ಎಂಟು ತಿಂಗಳು ಮ್ಯೂಟ್‌ನಲ್ಲೇ ಇದ್ದೆ. ಕಾಲ್‌ಗೆ ಮುಂಚೆ ಮೂರು ವಾಕ್ಯ ಇಂಗ್ಲಿಷಿನಲ್ಲಿ ಚೀಟಿ ಮೇಲೆ ಬರೆದುಕೊಳ್ಳಿ: ಯಾವ ಲಿಂಕ್‌ ಬಿದ್ದಿದೆ, ಎಷ್ಟು ಹೊತ್ತಿನಿಂದ, ಇಲ್ಲಿಯವರೆಗೆ ಏನು ನೋಡಿದ್ದೀವಿ. ಚೀಟಿ ನೋಡಿ ಓದಿ. ಯಾರಿಗೂ ಕಾಣುವುದಿಲ್ಲ. ಮಂಡ್ಯದ ಇಂಗ್ಲಿಷ್‌ ಅಂತ ಯಾರಾದರೂ ನಕ್ಕರೆ ನಗಲಿ, ಲಿಂಕ್‌ ಎದ್ದರೆ ಆಯಿತು.

ಹಂತ 10: ಪರೀಕ್ಷೆ ಬುಕ್‌ ಮಾಡಿ

ಎರಡು ತಿಂಗಳು ಮೊದಲೇ ಪಿಯರ್ಸನ್‌ ವ್ಯೂ ಮೂಲಕ ದಿನ ಗೊತ್ತು ಮಾಡಿ. ಬುಕ್‌ ಮಾಡುವ ಮುಂಚೆ ಒಂದು ಎಚ್ಚರಿಕೆ. ಸಿಸ್ಕೊ ಖಾತೆಯಲ್ಲಿರುವ ಹೆಸರೂ ತೋರಿಸುವ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ನಮ್ಮಲ್ಲಿ ಇನಿಷಿಯಲ್‌ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಊರಿನ ಹೆಸರಾಗಿ ಬಿಡಿಸಿ ಬರೆದಿರುತ್ತದೆ. ಬಾಗಿಲಲ್ಲಿ ವಾಪಸ್‌ ಕಳಿಸಿದರೆ ದುಡ್ಡು ಹೋಗುತ್ತದೆ. ಬುಕ್‌ ಮಾಡುವುದಕ್ಕೆ ಒಂದು ತಿಂಗಳು ಮೊದಲೇ ಸರಿಮಾಡಿಸಿ.

ಮನೆಯಿಂದಲೂ ಬರೆಯಬಹುದು. ಆದರೆ ಕರೆಂಟ್‌ ಹೋದರೆ, ಪಕ್ಕದ ಮನೆಯವರು ಬಾಗಿಲು ತೆಗೆದು 'ಸಕ್ಕರೆ ಐತಾ' ಅಂದರೆ ಕಷ್ಟ. ಕೇಂದ್ರಕ್ಕೆ ಹೋಗಿ ಬರೆಯುವುದೇ ಲೇಸು. ಸಿಸಿಎನ್‌ಎಗೆ 120 ನಿಮಿಷ. ಒಮ್ಮೆ ಮುಂದಿನ ಪ್ರಶ್ನೆಗೆ ಹೋದರೆ ಹಿಂದಕ್ಕೆ ಬರುವಂತಿಲ್ಲ, ಮಾಕ್‌ ಟೆಸ್ಟ್‌ಗಳನ್ನೂ ಹಾಗೇ ಬರೆದು ರೂಢಿ ಮಾಡಿಕೊಳ್ಳಿ. 'ಡಂಪ್ಸ್‌' ಅಂತ ಪ್ರಶ್ನೆಪತ್ರಿಕೆ ಮಾರುವವರು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಾರೆ. ಬ್ಲಾಕ್‌ ಮಾಡಿ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್‌ ರದ್ದು. ಕರಿಘಟ್ಟಕ್ಕೆ ನಾನೂರು ಚಿಲ್ಲರೆ ಮೆಟ್ಟಿಲೂ ಇದೆ, ಹಿಂದುಗಡೆಯಿಂದ ಕಾರಿನ ರಸ್ತೆಯೂ ಇದೆ. ಸಿಸಿಎನ್‌ಎಗೆ ಕಾರಿನ ರಸ್ತೆ ಹಾಕಿಲ್ಲ.

ಫೇಲಾದರೆ? ಐದು ದಿನ ಬಿಟ್ಟು ಮತ್ತೆ ಬರೆಯಬಹುದು. ಆದರೆ ಅಷ್ಟು ಬೇಗ ಬೇಡ. ಸ್ಕೋರ್‌ ರಿಪೋರ್ಟಿನಲ್ಲಿ ಯಾವ ಭಾಗದಲ್ಲಿ ಎಷ್ಟು ಬಂದಿದೆ ಅಂತ ಇರುತ್ತದೆ. ಕಡಿಮೆ ಬಂದ ಎರಡು ಭಾಗಕ್ಕೆ ಆರು ವಾರ ಕೊಟ್ಟು ಮತ್ತೆ ಕೂರಿ.

ಹಂತ 11: ಮೂರು ತಿಂಗಳಿಗೊಮ್ಮೆ ನೋಟ್‌ಬುಕ್‌ ಬಿಚ್ಚಿ

ಊರಿಗೆ ಬಂದ ಒಂದು ಭಾನುವಾರ ಬೆಳಿಗ್ಗೆ ನಾನು ನೋಟ್‌ಬುಕ್‌ ಹಿಡಿದು ಬೆಟ್ಟ ಹತ್ತುತ್ತೇನೆ. ಶ್ರೀನಿವಾಸನ ದರ್ಶನ ಮುಗಿಸಿ, ಕೆಳಗೆ ಲೋಕಪಾವನಿ ಹರಿಯುವುದು ಕಾಣುವ ಕಡೆ ಕೂತು, ಮೂರೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಎಷ್ಟು ಲ್ಯಾಬ್‌ ಆಯಿತು? ಮೊದಲ ಪುಟದ ಐದು ಸಾಲು ಈಗ ಎಷ್ಟಾಗಿದೆ? ದಿನಾಂಕ ಮುಂದಕ್ಕೆ ಹಾಕಬೇಕಾ? ಹಾಕಬೇಕಾಗಿ ಬಂದರೆ ಹಾಕಿ, ಒಂದು ಸಲ ಮಾತ್ರ.

ಹಂತ 12: ಪಾಸಾದ ದಿನವೇ ಮುಗಿಯುವ ದಿನ ಬರೆದಿಡಿ

ಸಿಸಿಎನ್‌ಎ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಸಿಸ್ಕೊದ ಕಂಟಿನ್ಯೂಯಿಂಗ್‌ ಎಜುಕೇಷನ್‌ ಕೋರ್ಸ್‌ಗಳಿಂದ 30 ಕ್ರೆಡಿಟ್‌ ಮಾಡಿಕೊಂಡರೆ ಅಥವಾ ಎನ್‌ಕೋರ್‌ನಂಥ ಮೇಲಿನ ಪರೀಕ್ಷೆ ಪಾಸಾದರೆ ತಾನಾಗೇ ಮುಂದುವರಿಯುತ್ತದೆ. ನನ್ನದು ಒಮ್ಮೆ ಹನ್ನೊಂದು ದಿನದ ಅಂತರದಲ್ಲಿ ತಪ್ಪಿಹೋಗಿ, ಮೊದಲಿನಿಂದ ಬರೆಯಬೇಕಾಯಿತು. ಮೂರು ವರ್ಷ ಮುಂದಿನ ಗೋಡೆ ಕ್ಯಾಲೆಂಡರ್‌ ಪೇಟೆಯಲ್ಲಿ ಸಿಗುವುದಿಲ್ಲ. ಫೋನ್‌ ತೆಗೆಯಿರಿ, ಮುಗಿಯುವ ದಿನಕ್ಕೆ ಆರು ತಿಂಗಳು ಮುಂಚಿನ ದಿನಾಂಕಕ್ಕೆ ರಿಮೈಂಡರ್‌ ಹಾಕಿ. ಹಾಕಿದಿರಾ? ಸರಿ, ಈಗ ಹೋಗಿ ಸಿಹಿ ಹಂಚಿ.